ಮನಸ್ಸಿನ್ಯಾಗ ಇದ್ರ ಸಾಲದೇನ್ರಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾ ಜಮಖಂಡಿ ತಾಲ್ಲೂಕಿನ ರೈತ, ವಯಸ್ಸು 48. ಆರು ಎಕರೆ ಕಬ್ಬು ಐತಿ. ಮದುವಿಯಾಗಿ 22 ವರ್ಷ ಆತು. ಹೋದ ತಿಂಗಳು ನಮ್ಮ ಮನಿಯಾಕಿಗೆ ಮಿರಜಿನ್ಯಾಗ ಗರ್ಭಚೀಲದ ಆಪರೇಷನ್ ಆತ್ರಿ. ಎಂಟು ದಿನ ದವಾಖಾನಿ ವರಾಂಡದಾಗ ಮಲಗೇನಿ, ಸೊಸೈಟಿ ಸಾಲ ತಗದು ಬಿಲ್ ಕಟ್ಟೇನಿ. ಮನಿಗೆ ಬಂದ ಹತ್ತು ದಿನಕ್ಕ ಆಕಿ, "ನಾ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ ನಿಮಗ. ಒಂದಿನಾ ನನ್ನ ಕೂಡ ಒಂದು ಚಲೋ ಮಾತ ಆಡಿಲ್ಲ" ಅಂತ ಹೇಳಿ ಅತ್ಲು. ನನಗ ಏನ್ ಅನಬೇಕಂತ ತಿಳೀಲಿಲ್ಲ, ಹೊಲಕ್ಕ ಎದ್ದು ಹೋದೆ. ಖರೇ ಹೇಳಬೇಕಂದ್ರ, ಥೇಟರ್ ಹೊರಗ ಕುಂತಾಗ ನನ್ನ ಕೈ ನಡಗಾಕತ್ತಿದ್ವು, ಚಾದ ಕಪ್ಪ ಹಿಡಿಯಾಕ ಆಗಲಿಲ್ಲ. ಇದನ್ನ ಯಾರ ಮುಂದೂ ಹೇಳಿಲ್ಲ. ಮಗಳು ಬೆಳಗಾವಿ ಹಾಸ್ಟೆಲ್‌ನ್ಯಾಗ ಅದಾಳ. ನಾ ಫೋನ್ ಎತ್ತಿದ್ರ "ಅವ್ವಗ ಕೊಡು" ಅಂತಾಳ. ಹೋದ ಸಲ ಪರೀಕ್ಷಾದಾಗ ನೂರಕ್ಕ 82 ಬಂದಾವ ಅಂದಾಗ "ಉಳಿದ 18 ಎಲ್ಲಿ ಹೋದ್ವು" ಅಂತ ಚ್ಯಾಷ್ಟಿ ಮಾಡಿದ್ದೆ, ಆಕಿಗೆ ಸಿಟ್ಟು ಬಂತು. ನಮ್ಮಪ್ಪಗ 78, ಅವರೂ ನನ್ನ ಕೂಡ ಹಿಂಗ ಇದ್ರು. ನಮ್ಮ ಮನೆತನದ ಗಂಡಸರ ರಕ್ತಾನ ಹಿಂಗ ಅಂತ ಕಾಣತೈತಿ. ಪ್ರೀತಿ ಮನಸ್ಸಿನ್ಯಾಗ ಇದ್ರ ಸಾಲದೇನ್ರಿ? ಬಾಯಿಬಿಟ್ಟು ಹೇಳಿದ್ರ ಏನರ ಬದಲಾಗತೈತೇನು? ಈ ವಯಸ್ಸಿನ್ಯಾಗ ಕಲಿಯಾಕ ಬರತೈತೇನು?

ಉತ್ತರ: ಸಾಲುವುದಿಲ್ಲ ಸರ್. ಬಾಯಿಬಿಟ್ಟು ಹೇಳಿದರೆ ಬಹಳ ಬದಲಾಗುತ್ತದೆ. ಈ ವಯಸ್ಸಿನಲ್ಲಿ ಖಂಡಿತ ಕಲಿಯಲು ಬರುತ್ತದೆ. ನಿಮ್ಮ ಮೂರೂ ಪ್ರಶ್ನೆಗಳಿಗೆ ನನ್ನ ನೇರ ಉತ್ತರ ಇದು. ಯಾಕೆ, ಹೇಗೆ ಎಂಬುದನ್ನು ಬಿಡಿಸಿ ಬರೆಯುತ್ತೇನೆ.

ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಚಹಾದ ಕಪ್ಪಿನ ಸಾಲನ್ನು. ಹೆಂಡತಿ ಒಳಗೆ, ನೀವು ಹೊರಗೆ, ಕೈ ನಡುಗಿ ಕಪ್ಪು ಹಿಡಿಯಲಾಗಲಿಲ್ಲ. ಅದನ್ನು ನೀವು ಗುರುತು ಪರಿಚಯವಿಲ್ಲದ ನನಗೆ ಬರೆದಿದ್ದೀರಿ. ಕೇಳಬೇಕಾದವರು ನಿಮ್ಮ ಮನೆಯಲ್ಲೇ ಇದ್ದಾರೆ, ತಾನಿದ್ದರೂ ಇಲ್ಲದಿದ್ದರೂ ನಿಮಗೆ ಒಂದೇ ಎಂದುಕೊಂಡು ದಿನ ತಳ್ಳುತ್ತಿದ್ದಾರೆ. ಇಬ್ಬರಿಗೂ ಪರಸ್ಪರ ಪ್ರೀತಿ ಇದ್ದೂ, ಅದು ಒಬ್ಬರಿಗೊಬ್ಬರಿಗೆ ಗೊತ್ತಿಲ್ಲದೆ ಬದುಕು ಸವೆಸಿದ ಎಷ್ಟೋ ಜೋಡಿಗಳನ್ನು ಈ ಕೆಲಸದಲ್ಲಿ ನೋಡುತ್ತೇನೆ. ಪ್ರೀತಿಯೇ ಇಲ್ಲದ ಮನೆಗಳಿಗಿಂತ ಇಂಥ ಮನೆಗಳೇ ನನ್ನ ಹೊಟ್ಟೆಗೆ ಹೆಚ್ಚು ಸಂಕಟ ಕೊಡುತ್ತವೆ, ಏಕೆಂದರೆ ಇಲ್ಲಿ ಆಗುವ ನೋವಿಗೆ ಅಗತ್ಯವೇ ಇರುವುದಿಲ್ಲ.

ನೀವು ವರಾಂಡದಲ್ಲಿ ಮಲಗಿದ್ದು, ಸಾಲ ತೆಗೆದು ಬಿಲ್ ಕಟ್ಟಿದ್ದು ಅವರಿಗೆ ಗೊತ್ತಿಲ್ಲವೆಂದಲ್ಲ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಅಪ್ಪನಿಗೆ ಆಪರೇಷನ್ ಆಗಿದ್ದರೂ ನೀವು ಹೀಗೆಯೇ ಮಲಗುತ್ತಿದ್ದಿರಿ, ತಮ್ಮನಿಗಾಗಿದ್ದರೂ ಸಾಲ ತೆಗೆಯುತ್ತಿದ್ದಿರಿ. ಮನೆಯ ಯಜಮಾನ ಎಂದಮೇಲೆ ಮಾಡಲೇಬೇಕು, ಮಾಡದಿದ್ದರೆ ಊರವರು ನಾಲ್ಕು ಮಾತಾಡುತ್ತಾರೆ ಎಂದು ಮಾಡುವವರೂ ಇದ್ದಾರೆ. ಕರ್ತವ್ಯಕ್ಕೆ ಮಾಡಿದ ಕೆಲಸ, ಪ್ರೀತಿಗೆ ಮಾಡಿದ ಕೆಲಸ ಎರಡೂ ಹೊರಗಿನಿಂದ ನೋಡಿದರೆ ಒಂದೇ ತರಹ ಇರುತ್ತವೆ. ವ್ಯತ್ಯಾಸ ಇರುವುದು ನಿಮ್ಮೊಳಗೆ. ಅದನ್ನು ನೀವು ಹೇಳಬೇಕು, ಇಲ್ಲವೇ ಅವರು ಊಹಿಸಬೇಕು. ಹೊಟ್ಟೆ ಕೊಯ್ಸಿಕೊಂಡು ಮಲಗಿದ ಹೆಣ್ಣುಮಗಳು ನಿಮ್ಮ ಪರವಾಗಿ ಒಳ್ಳೆಯದನ್ನೇ ಊಹಿಸಲಿ ಎಂದು ಕಾಯುವುದು ಸರಿಯಲ್ಲ.

ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡದಿದ್ದರೆ ಪ್ರೀತಿ ತಾನಾಗಿ ಮುಟ್ಟುತ್ತದೆ ಎಂಬ ನಂಬಿಕೆ ನಮ್ಮ ಭಾಗದ್ದಷ್ಟೇ ಅಲ್ಲ. ಒಂದು ಕಾಲದಲ್ಲಿ ಅಮೆರಿಕದ ಮನೋವಿಜ್ಞಾನಿಗಳಲ್ಲೂ ಅನೇಕರು, ಕೂಸು ತಾಯಿಗೆ ಅಂಟಿಕೊಳ್ಳುವುದು ಹಾಲಿಗಾಗಿ ಎಂದೇ ತಿಳಿದಿದ್ದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ ಅವರು 1958ರಲ್ಲಿ ಪ್ರಕಟಿಸಿದ ಪ್ರಯೋಗ ಆ ನಂಬಿಕೆಯನ್ನು ಅಲುಗಾಡಿಸಿತು. ಮಂಗನ ಮರಿಗಳ ಮುಂದೆ ಅವರು ಎರಡು ಗೊಂಬೆ ತಾಯಂದಿರನ್ನು ಇಟ್ಟಿದ್ದರು. ಒಂದು ಬರೀ ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆ ಸುತ್ತಿದ್ದು. ಹಾಲಿನ ಬಾಟಲಿ ತಂತಿಯ ತಾಯಿಗೆ ಕಟ್ಟಿದ್ದಾಗಲೂ ಮರಿಗಳು ಹಾಲು ಕುಡಿಯುವಷ್ಟು ಹೊತ್ತು ಮಾತ್ರ ಅಲ್ಲಿದ್ದು, ದಿನವೆಲ್ಲ ಬಟ್ಟೆಯ ತಾಯಿಯನ್ನೇ ತಬ್ಬಿಕೊಂಡಿದ್ದವು. ಅಂಜಿಕೆಯಾದಾಗ ಓಡಿ ಹೋಗಿದ್ದೂ ಅದರ ಹತ್ತಿರಕ್ಕೇ. ತಾಯಿಯಿಂದ ಅಗಲಿಸಿದ ಆ ಮರಿಗಳು ಪಟ್ಟ ಪಾಡನ್ನು ಓದಿದರೆ ಕರುಳು ಚುರುಕ್ ಎನ್ನುತ್ತದೆ, ಅಂಥ ಪ್ರಯೋಗ ನನಗೆ ಒಪ್ಪಿಗೆಯಿಲ್ಲ. ಆದರೆ ಅದು ತೋರಿಸಿದ್ದು ನಿಜ. ಹಸಿವು ನೀಗಿಸುವುದು ಬೇರೆ, ಅಂಜಿಕೆ ನೀಗಿಸುವುದು ಬೇರೆ.

ಅಂಜಿಕೆಯ ಮಾತು ಬಂತಲ್ಲ, ಅದರ ಬಗ್ಗೆ ಇನ್ನೊಂದು ಅಧ್ಯಯನ ಹೇಳುತ್ತೇನೆ. ಜೇಮ್ಸ್ ಕೋನ್ ಮತ್ತು ಸಂಗಡಿಗರು 2006ರಲ್ಲಿ 16 ಮಂದಿ ವಿವಾಹಿತ ಮಹಿಳೆಯರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಕಾಲಿಗೆ ಸಣ್ಣ ಶಾಕ್ ಬರಬಹುದು ಎಂದು ಮುಂಚೆಯೇ ಎಚ್ಚರಿಸುತ್ತಿದ್ದರು. ಒಮ್ಮೆ ಯಾರ ಕೈಯೂ ಇಲ್ಲ, ಒಮ್ಮೆ ಅಪರಿಚಿತರ ಕೈ, ಒಮ್ಮೆ ಗಂಡನ ಕೈ. ಗಂಡನ ಕೈ ಹಿಡಿದಿದ್ದಾಗ ಮೆದುಳಿನಲ್ಲಿ ಅಪಾಯಕ್ಕೆ ಸಜ್ಜಾಗುವ ಭಾಗಗಳ ಗಡಿಬಿಡಿ ಎಲ್ಲಕ್ಕಿಂತ ಕಡಿಮೆ ಇತ್ತು. ದಾಂಪತ್ಯ ಚೆನ್ನಾಗಿದ್ದಷ್ಟೂ ಈ ಪರಿಣಾಮ ಹೆಚ್ಚು. ಗಂಡ ಅಲ್ಲಿ ಮಾಡಿದ್ದು ಕೈ ಕೊಟ್ಟಿದ್ದಷ್ಟೇ. ನಮ್ಮ ಚರ್ಮದಲ್ಲಿ, ಅದರಲ್ಲೂ ಕೂದಲಿರುವ ಭಾಗದಲ್ಲಿ, ಮೆಲ್ಲಗೆ ನೇವರಿಸುವ ಸ್ಪರ್ಶಕ್ಕೆ ಚೆನ್ನಾಗಿ ಮಿಡಿಯುವ ವಿಶೇಷ ನರತಂತುಗಳೇ ಇವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗ, ಅಂದರೆ ತಾಯಿ ಕೂಸಿನ ಬೆನ್ನು ಸವರುವ ವೇಗ, ಅವಕ್ಕೆ ಹಿಡಿಸುತ್ತದೆ.

ಇಲ್ಲಿಯವರೆಗೆ ಪಡೆಯುವವರಿಗೆ ಆಗುವ ಒಳಿತಿನ ಮಾತಾಯಿತು. ಕೊಡುವವರಿಗೂ ಆಗುತ್ತದೆ ಎಂಬುದನ್ನು ನೀವು ಮುಖ್ಯವಾಗಿ ತಿಳಿಯಬೇಕು. ಅರಿಜೋನಾದ ಕೋರಿ ಫ್ಲಾಯ್ಡ್ ಎಂಬ ಸಂವಹನ ವಿಜ್ಞಾನಿ ಪ್ರೀತಿ ವ್ಯಕ್ತಪಡಿಸುವುದನ್ನೇ ದಶಕಗಳಿಂದ ಅಭ್ಯಾಸ ಮಾಡುತ್ತ ಬಂದಿದ್ದಾರೆ. 2007ರಲ್ಲಿ ಪ್ರಕಟವಾದ ಅವರ ತಂಡದ ಒಂದು ಪ್ರಯೋಗದಲ್ಲಿ ಜನರಿಗೆ ಮೊದಲು ಒತ್ತಡ ಹುಟ್ಟಿಸುವ ಕೆಲಸಗಳನ್ನು ಕೊಟ್ಟರು. ಆಮೇಲೆ ಕೆಲವರು ತಮಗೆ ಬೇಕಾದವರಿಗೆ ಪ್ರೀತಿಯ ಪತ್ರ ಬರೆದರು, ಕೆಲವರು ಅವರನ್ನು ಮನಸ್ಸಿನಲ್ಲಿ ನೆನೆಸಿಕೊಂಡರು, ಉಳಿದವರು ಸುಮ್ಮನೆ ಕುಳಿತರು. ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಬೇಗ ಇಳಿದದ್ದು ಬರೆದವರಲ್ಲಿ. ನೆನೆಸಿಕೊಂಡವರಿಗೆ ಆ ಲಾಭ ಸಿಗಲಿಲ್ಲ. 'ಮನಸ್ಸಿನ್ಯಾಗ ಇದ್ರ ಸಾಲದೇನ್ರಿ' ಎಂಬ ನಿಮ್ಮ ಪ್ರಶ್ನೆಯನ್ನೇ ಯಾರೋ ಪ್ರಯೋಗಾಲಯಕ್ಕೆ ಒಯ್ದು ಕೇಳಿದ ಹಾಗಿದೆ ಇದು. ಅದೇ ವರ್ಷ ಪ್ರಕಟವಾದ ಇನ್ನೊಂದು ಕೆಲಸದಲ್ಲಿ, ಐದು ವಾರಗಳಲ್ಲಿ ಮೂರು ಸಲ, ಸಲಕ್ಕೆ 20 ನಿಮಿಷ ತಮ್ಮ ಪ್ರೀತಿಪಾತ್ರರ ಬಗ್ಗೆ ಬರೆದವರ ಕೊಲೆಸ್ಟರಾಲ್ ಕೂಡ ಇಳಿದಿತ್ತು. ಹಾಗೆಂದು ಬಿಪಿ, ಸಕ್ಕರೆಯ ಗುಳಿಗೆ ಬಿಟ್ಟು ಪತ್ರ ಬರೆಯುತ್ತ ಕೂಡಬೇಡಿ! ಇವು ಸಣ್ಣ ಅಧ್ಯಯನಗಳು, ಔಷಧಿಗೆ ಬದಲಿಯಲ್ಲ. ಆದರೆ ಒಳಗೆ ಅದುಮಿಟ್ಟುಕೊಂಡ ಪ್ರೀತಿ ಅದುಮಿಟ್ಟವರ ದೇಹಕ್ಕೂ ಕೆಲಸಕ್ಕೆ ಬರುವುದಿಲ್ಲ ಎನ್ನಲು ಸಾಕು.

ಆಪ್ತ ಸಂಬಂಧಗಳಿಗೂ ಆಯುಷ್ಯಕ್ಕೂ ಇರುವ ನಂಟಿನ ಬಗ್ಗೆ ಇನ್ನೂ ದೊಡ್ಡ ಪುರಾವೆ ಇದೆ. 2010ರಲ್ಲಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಗಟ್ಟಿ ಸಂಬಂಧಗಳಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಇಲ್ಲದವರಿಗಿಂತ ಶೇ 50ರಷ್ಟು ಹೆಚ್ಚಿತ್ತು. ಇದು ಪ್ರೀತಿಯ ಮಾತಿನ ಲೆಕ್ಕವಲ್ಲ, ಒಟ್ಟು ಸಂಬಂಧಗಳ ಲೆಕ್ಕ. ಆದರೆ ಸಂಬಂಧ ಗಟ್ಟಿಯಾಗುವುದು ಯಾವುದರಿಂದ?

ಅದಕ್ಕೆ ಉತ್ತರ ಹುಡುಕಿದವರಲ್ಲಿ ಜಾನ್ ಗಾಟ್‌ಮನ್ ಪ್ರಮುಖರು. ಸಿಯಾಟಲ್‌ನಲ್ಲಿ ಅವರು ಹೊಸದಾಗಿ ಮದುವೆಯಾದ ಜೋಡಿಗಳ ದಿನನಿತ್ಯದ ಮಾತುಕತೆಯನ್ನು ಗಮನಿಸಿದರು. ಜಗಳವನ್ನಷ್ಟೇ ಅಲ್ಲ, ಸಾದಾ ಮಾತನ್ನೂ. ಒಬ್ಬರು 'ಅಲ್ಲಿ ನೋಡು' ಎಂದಾಗ ಇನ್ನೊಬ್ಬರು ತಿರುಗಿ ನೋಡುತ್ತಾರೋ ಇಲ್ಲವೋ ಎಂಬುದನ್ನು ಎಣಿಸಿದರು. ಆರು ವರ್ಷಗಳ ನಂತರವೂ ಜತೆಯಲ್ಲಿದ್ದ ಜೋಡಿಗಳು ಮೊದಲು ಇಂಥ ಕರೆಗಳಿಗೆ ನೂರಕ್ಕೆ 86 ಸಲ ಓಗೊಟ್ಟಿದ್ದರು. ಬೇರೆಯಾದವರು ಓಗೊಟ್ಟದ್ದು 33 ಸಲ.

ಈ 'ಕರೆ' ನಿಮ್ಮ ಮನೆಯಲ್ಲಿ ಹೇಗಿರುತ್ತದೆ ಎಂದು ನನಗೆ ಅಂದಾಜಿದೆ. ರಾತ್ರಿ ಪಾಳಿಯ ಕರೆಂಟಿಗೆ ಕಬ್ಬಿಗೆ ನೀರು ಬಿಟ್ಟು ಬೆಳಗ್ಗೆ ಬಂದಿರುತ್ತೀರಿ. ಅವರು ಚಹಾ ಕೊಡುತ್ತ, "ಎಮ್ಮಿ ಇವತ್ತ ಮೇವ ಮುಟ್ಟಿಲ್ಲ ನೋಡ್ರಿ" ಅನ್ನುತ್ತಾರೆ. ಅಥವಾ "ನಮ್ಮ ತಂಗಿ ಫೋನ್ ಮಾಡಿದ್ಳು" ಅನ್ನುತ್ತಾರೆ. ನೀವು ಮೊಬೈಲ್ ನೋಡುತ್ತ "ಹೂಂ" ಅನ್ನುತ್ತೀರಿ. ಅಷ್ಟಕ್ಕೇ ಆ ಮಾತು ಮುಗಿಯಿತು. ಅವರು ಎಮ್ಮೆಯ ವರದಿ ಒಪ್ಪಿಸಲಿಲ್ಲ, ನಿಮ್ಮೊಡನೆ ಎರಡು ನಿಮಿಷ ಮಾತು ಬೇಡಿದರು. ಬದಲಿಗೆ ತಲೆ ಎತ್ತಿ "ಹೌದೇನು? ನಿನ್ನೆ ಸಂಜಿಗೆ ಚಲೋನ ಇತ್ತಲ್ಲ? ನಡಿ ನೋಡೂಣು" ಎಂದರೆ ಖರ್ಚೇನಿಲ್ಲ, ಸೊಸೈಟಿ ಸಾಲವೂ ಬೇಕಿಲ್ಲ. 22 ವರ್ಷದಲ್ಲಿ ಇಂಥ ಕರೆ ಎಷ್ಟು ಸಾವಿರ ಬಂದಿರಬಹುದು, ಎಷ್ಟಕ್ಕೆ "ಹೂಂ" ಸಿಕ್ಕಿರಬಹುದು ನೀವೇ ನೆನೆಸಿ ನೋಡಿ. ಒಂದು ಹಂತದಲ್ಲಿ ಜನ ಕರೆಯುವುದನ್ನೇ ಬಿಡುತ್ತಾರೆ. ಮನೆಯಲ್ಲಿ ಜಗಳವಿಲ್ಲ, ಎಲ್ಲ ಶಾಂತವಾಗಿದೆ ಎಂದು ಗಂಡ ಅಂದುಕೊಂಡಿರುತ್ತಾನೆ. ನಿಮ್ಮ ಹೆಂಡತಿ ಅತ್ತು ಹೇಳಿದರಲ್ಲ, ಅದಕ್ಕೆ ನಾನು ಸಮಾಧಾನಪಡುತ್ತೇನೆ. ಅವರಿನ್ನೂ ಕರೆಯುತ್ತಿದ್ದಾರೆ.

"ಇವೆಲ್ಲ ಪ್ಯಾಟಿ ಮಂದಿ ರೂಢಿ, ನಮ್ಮ ಕಡೆ ಇಲ್ರಿ" ಎಂದು ಅನೇಕ ಗಂಡಸರು ನನ್ನ ಮುಂದೆ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಜನ ಪ್ರೀತಿ ತೋರಿಸಲು ಬಾರದವರಲ್ಲ. ಉಣ್ಣಲು ಕುಳಿತವರ ತಾಟಿಗೆ 'ಇನ್ನೊಂದ ರೊಟ್ಟಿ' ಎಂದು ಹಾಕಿ ಮೇಲೆ ಬೆಣ್ಣೆ ಇಡುವ ಕೈಗಳು ನಮ್ಮವು. ದಸರೆಗೆ 'ಬನ್ನಿ ತಗೊಂಡು ಬಂಗಾರದಂಗ ಇರೂಣು' ಎಂದು ವರ್ಷದ ಮುನಿಸು ಮರೆತು ತಬ್ಬಿಕೊಳ್ಳುತ್ತೇವೆ. ಸಂಕ್ರಾಂತಿಗೆ ಕುಸುರೆಳ್ಳು ಕೊಟ್ಟು ಒಳ್ಳೆಯ ಮಾತು ಆಡೋಣ ಅನ್ನುತ್ತೇವೆ. ಪಂಚಮಿಗೆ ತವರಿಗೆ ಬಂದ ಮಗಳಿಗೆ ಉಂಡಿ ಕಟ್ಟಿ, ಜೋಕಾಲಿ ಹಾಕಿ, ಕಳಿಸುವಾಗ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪಂದಿರೂ ಕಣ್ಣೊರೆಸಿಕೊಳ್ಳುತ್ತಾರೆ. ಎರಡು ವರ್ಷದ ಗಂಡುಹುಡುಗನನ್ನು ಓಣಿಯ ಜನವೆಲ್ಲ ಎತ್ತಿ ಮುದ್ದಾಡುತ್ತಾರೆ, "ನನ್ನಪ್ಪ, ನನ್ನ ಬಂಗಾರ" ಅನ್ನುತ್ತಾರೆ. ಅದೇ ಹುಡುಗನಿಗೆ ಹತ್ತು ಹನ್ನೆರಡಾಗುತ್ತಿದ್ದಂತೆ ಎಲ್ಲ ಕೈಗಳೂ ಒಮ್ಮೆಲೇ ಹಿಂದೆ ಸರಿಯುತ್ತವೆ. ಅತ್ತರೆ "ಹೆಂಗಸರಂಗ ಅಳಬ್ಯಾಡ" ಎನ್ನುತ್ತೇವೆ. ಆ ಹುಡುಗ ಬೆಳೆದು 48 ವರ್ಷದವನಾಗಿ, ಹೆಂಡತಿ ಅಳುವಾಗ ಏನು ಮಾಡಬೇಕೆಂದು ತಿಳಿಯದೆ ಹೊಲಕ್ಕೆ ಎದ್ದು ಹೋಗುತ್ತಾನೆ. ಇದರಲ್ಲಿ ನಿಮ್ಮದೊಬ್ಬರದೇ ತಪ್ಪು ನನಗೆ ಕಾಣುವುದಿಲ್ಲ.

ರಕ್ತದ ಮಾತಿಗೆ ಬರೋಣ. ಫ್ಲಾಯ್ಡ್ ಅವರ ತಂಡ 2020ರಲ್ಲಿ 464 ಅವಳಿ ವ್ಯಕ್ತಿಗಳನ್ನು ಅಭ್ಯಾಸ ಮಾಡಿ, ಪ್ರೀತಿ ತೋರಿಸುವ ಸ್ವಭಾವದಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಬೆಳೆದ ರೀತಿಯಿಂದ ಬಂದದ್ದೆಷ್ಟು ಎಂದು ಲೆಕ್ಕ ಹಾಕಿತು. ಹೆಂಗಸರಲ್ಲಿ ಕಂಡ ವ್ಯತ್ಯಾಸಕ್ಕೆ ಶೇ 45ರಷ್ಟು ಆನುವಂಶಿಕ ಕಾರಣ ಸಿಕ್ಕಿತು. ಗಂಡಸರಲ್ಲಿ ಆನುವಂಶಿಕ ಪಾಲು ಕಾಣಲೇ ಇಲ್ಲ. ಒಂದೇ ಅಧ್ಯಯನದಿಂದ ಕಡೆಯ ತೀರ್ಮಾನಕ್ಕೆ ಬರಬಾರದು. ಆದರೂ 'ನಮ್ಮ ಗಂಡಸರ ರಕ್ತಾನ ಹಿಂಗ' ಎಂಬ ಮಾತಿಗೆ ಅಲ್ಲಿ ಆಧಾರ ಸಿಗುವುದಿಲ್ಲ. ನಿಮ್ಮ ತಂದೆಯವರನ್ನು ನೋಡಿ ನೀವು ಕಲಿತಿರಿ, ಅವರು ಅವರ ತಂದೆಯನ್ನು ನೋಡಿ. ಕಲಿತದ್ದನ್ನು ಬಿಟ್ಟು ಬೇರೆ ಕಲಿಯಬಹುದು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಚಹಾದ ಕಪ್ಪಿನಿಂದ. ಸಿನಿಮಾದ ಮಾತು ಬೇಡ, 'ಐ ಲವ್ ಯೂ' ನಿಮ್ಮ ಬಾಯಿಗೆ ಒಗ್ಗದಿದ್ದರೆ ಅದೂ ಬೇಡ. ಮನೆಯಲ್ಲಿ ಹಿರಿಯರಿರುವಾಗ ಗಂಡ ಹೆಂಡತಿ ಕೂತು ಮಾತಾಡುವುದು ಕಷ್ಟ ಎಂಬುದು ನನಗೆ ಗೊತ್ತು. ಹೆಂಡತಿಯನ್ನು ಹೊಲಿಗೆ ತೋರಿಸಲು ಡಾಕ್ಟರ ಹತ್ತಿರ ಕರೆದೊಯ್ಯುವ ದಿನ ಬರುತ್ತದಲ್ಲ, ಮರಳಿ ಬರುವಾಗ ದಾರಿಯಲ್ಲಿ ಎಲ್ಲಾದರೂ ಚಹಾಕ್ಕೆ ನಿಲ್ಲಿಸಿ. ಪತ್ರದಲ್ಲಿ ನನಗೆ ಬರೆದದ್ದನ್ನೇ ಅವರಿಗೆ ಹೇಳಿ: "ನಿನ್ನ ಒಳಗ ಒಯ್ದಾಗ ನನಗ ಭಾಳ ಅಂಜಿಕಿ ಆಗಿತ್ತು. ಚಾದ ಕಪ್ಪ ಹಿಡಿಯಾಕ ಆಗಲಿಲ್ಲ. ನೀ ಇಲ್ಲಂದ್ರ ನಾ ಏನ್ ಮಾಡ್ಲಿ ಅನಿಸ್ತು. ಆವತ್ತ ಹೇಳಾಕ ಬಾಯಿ ಬರಲಿಲ್ಲ." ಇಷ್ಟು ಸಾಕು. ಹೇಳಿದ ಮೇಲೆ ಅದನ್ನು ಹಗುರ ಮಾಡಲು ತಕ್ಷಣ ಚ್ಯಾಷ್ಟಿ ಮಾಡಬೇಡಿ, ಕಬ್ಬಿನ ಬಿಲ್ಲಿನ ಸುದ್ದಿ ತೆಗೆಯಬೇಡಿ. ಅವರು ಏನಾದರೂ ಹೇಳಬಹುದು, ಅಳಬಹುದು, ಸುಮ್ಮನಿರಬಹುದು. ನೀವು ಅಲ್ಲೇ ಕುಳಿತಿರಿ. ಆವತ್ತು ಎದ್ದು ಹೋಗಿದ್ದಿರಿ, ಈ ಸಲ ಎದ್ದು ಹೋಗಬೇಡಿ.

ಬಾಯಿ ಕಟ್ಟುತ್ತದೆ ಎಂದಾದರೆ ಬರೆದುಕೊಡಿ. ನನಗೆ ಇಷ್ಟು ಚೆಂದ ಬರೆದಿದ್ದೀರಿ. ಮೊಬೈಲ್‌ನಲ್ಲಿ ಧ್ವನಿ ಸಂದೇಶ ಕಳಿಸಿದರೂ ನಡೆಯುತ್ತದೆ. 'ಇದೇನಿದು ಹುಚ್ಚು' ಎಂದು ಅವರು ತಿಳಿದಾರು ಎಂಬ ಸಂಕೋಚ ಇರುತ್ತದೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ಉಪಕಾರ ಮಾಡಿದವರಿಗೆ ಕೃತಜ್ಞತೆಯ ಪತ್ರ ಬರೆದವರು ಹೀಗೆಯೇ ಅಂಜಿದ್ದರು. ಓದಿದವರಿಗೆ ಮುಜುಗರವಾಗುತ್ತದೆ, ತಮ್ಮ ಭಾಷೆ ಚೆನ್ನಾಗಿಲ್ಲ ಎಂದುಕೊಂಡಿದ್ದರು. ಪತ್ರ ಪಡೆದವರನ್ನು ಕೇಳಿದಾಗ, ಬರೆದವರು ಅಂದಾಜಿಸಿದ್ದಕ್ಕಿಂತ ಮುಜುಗರ ಕಡಿಮೆಯಿತ್ತು, ಸಂತೋಷ ಹೆಚ್ಚಿತ್ತು. ಭಾಷೆಯೂ ಬರೆದವರು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿದೆ ಎಂದೇ ಅವರಿಗೆ ಅನಿಸಿತ್ತು.

ಆದರೆ ಒಂದಕ್ಕೆ ತಯಾರಿರಿ. ಇಷ್ಟು ವರ್ಷ ಮೌನವಿದ್ದ ಗಂಡ ಒಮ್ಮೆಲೇ ಮೆತ್ತಗೆ ಮಾತಾಡಿದರೆ ಹೆಂಡತಿಗೆ ಮೊದಲು ಬರುವುದು ಅನುಮಾನ. "ಯಾಕ, ಇವತ್ತೇನ ಕೆಲಸ ಐತಿ ನನ್ನಿಂದ?" ಎನ್ನಬಹುದು. ಅದನ್ನು ತಿರಸ್ಕಾರ ಎಂದು ತಿಳಿದು ಹಿಂದೆ ಸರಿಯಬೇಡಿ, 'ನಾ ಹೇಳಿದ್ರೂ ಆಕಿಗೆ ಬೇಕಾಗಿಲ್ಲ' ಎಂದು ಸಿಟ್ಟಾಗಬೇಡಿ. ಮರುದಿನ ಮತ್ತೊಂದು ಸಣ್ಣ ಮಾತು ಸಾಕು. ಹೊಗಳಿಕೆಗಿಂತ ಗಮನಿಸಿದ್ದನ್ನು ಹೇಳುವುದು ಒಳ್ಳೆಯದು. "ನೀ ಭಾಳ ಚಲೋ ಹೆಂಗಸು" ಎಂದರೆ ಅದು ಎಲ್ಲರಿಗೂ ಹೇಳುವ ಮಾತಾಗುತ್ತದೆ. "ಹೊಲಿಗಿ ಬ್ಯಾನಿ ಇದ್ರೂ ಅಪ್ಪಗ ಹೊತ್ತಿಗೆ ಸರಿಯಾಗಿ ಗುಳಿಗಿ ಕೊಟ್ಟೀ ನೋಡು" ಎಂದರೆ, ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂದು ಅವರಿಗೆ ಅನಿಸುತ್ತದೆ. ಪ್ರತಿಯಾಗಿ ಅವರೂ ಹೇಳಲಿ ಎಂದು ಕಾಯಬೇಡಿ.

ಸ್ಪರ್ಶದ ಬಗ್ಗೆ ಸ್ವಲ್ಪ ಬಿಚ್ಚಿ ಮಾತಾಡುತ್ತೇನೆ, ಇದನ್ನು ಯಾರೂ ನಿಮಗೆ ಹೇಳಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿಯನ್ನು ಮುಟ್ಟುವುದು ರಾತ್ರಿ, ಅದೂ ಒಂದೇ ಉದ್ದೇಶಕ್ಕೆ. ಕಾಲ ಕಳೆದಂತೆ ಹೆಂಡತಿಗೆ ಮುಟ್ಟಿದರೆ ಸಾಕು, ಮುಂದಿನದ್ದು ನೆನಪಾಗಿ ಮೈ ಬಿಗಿಯುತ್ತದೆ. ಗರ್ಭಕೋಶದ ಆಪರೇಷನ್ ಆದ ಮೇಲಂತೂ ಈ ಅಂಜಿಕೆ ಹೆಚ್ಚು. ಸಾಮಾನ್ಯವಾಗಿ ಆರು ವಾರವಾದರೂ ದೈಹಿಕ ಸಂಬಂಧ ಬೇಡ, ಭಾರ ಎತ್ತುವುದು ಬೇಡ ಎಂದು ವೈದ್ಯರು ಹೇಳುತ್ತಾರೆ. ನಿಮ್ಮ ವೈದ್ಯರು ಏನು ಹೇಳಿದ್ದಾರೋ ಅದನ್ನೇ ಪಾಲಿಸಿ. ಈ ವಾರಗಳು ನಿಮಗೆ ಒಂದು ಅವಕಾಶ ಎಂದು ನಾನು ಹೇಳುತ್ತೇನೆ. ಏನನ್ನೂ ಕೇಳದ ಸ್ಪರ್ಶ ಹೇಗಿರುತ್ತದೆ ಎಂದು ಅವರಿಗೆ ಗೊತ್ತಾಗಲಿ. ಏಳುವಾಗ ಕೈ ಕೊಡಿ, ಕೊಟ್ಟ ಕೈಯನ್ನು ತಕ್ಷಣ ಬಿಡಬೇಡಿ. ಕಾಲು ಸೆಳೆಯುತ್ತಿದ್ದರೆ ಎಣ್ಣೆ ಹಚ್ಚಲೇ ಎಂದು ಕೇಳಿ. ಬೇಡ ಎಂದರೆ ಬೇಡ. ಅವರಿಗೆ ಬೇಡವಾದ ಹೊತ್ತಿನಲ್ಲಿ ಮುಟ್ಟುವುದನ್ನು ಪ್ರೀತಿ ಎನ್ನಲಾಗದು.

ಇದೇ ಜಾಗದಲ್ಲಿ ಬೇರೆ ಓದುಗರಿಗೂ ಒಂದು ಮಾತು. ರಾತ್ರಿ ಕುಡಿದು ಬಂದು ಹೊಡೆದು, ಬೆಳಗ್ಗೆ ತಲೆ ಸವರಿ ಸೀರೆ ಕೊಡಿಸುವುದು ಈ ಉತ್ತರದಲ್ಲಿ ಹೇಳುತ್ತಿರುವ ಪ್ರೀತಿಯಲ್ಲ. ಅಲ್ಲಿ ಮೊದಲು ಹೊಡೆತ ನಿಲ್ಲಬೇಕು, ಸವರುವ ಮಾತು ಆಮೇಲೆ.

ಇನ್ನು ಮಗಳು. ಶೆಲ್ಲಿ ಗೇಬಲ್ ಎಂಬ ಸಂಶೋಧಕಿ, ಮನೆಯವರು ಒಳ್ಳೆಯ ಸುದ್ದಿ ತಂದಾಗ ನಾವು ಹೇಗೆ ಪ್ರತಿಕ್ರಿಯಿಸುತ್ತೇವೆ ಎಂಬುದನ್ನು ಅಭ್ಯಾಸ ಮಾಡಿದ್ದಾರೆ. ಕಷ್ಟದಲ್ಲಿ ಜತೆ ನಿಲ್ಲುವುದು ಎಷ್ಟು ಮುಖ್ಯವೋ, ಒಳ್ಳೆಯ ಸುದ್ದಿಗೆ ಉತ್ಸಾಹದಿಂದ ಕಿವಿಗೊಡುವುದೂ ಸಂಬಂಧಕ್ಕೆ ಅಷ್ಟೇ ಮುಖ್ಯ ಎಂದು ಅವರ ಕೆಲಸ ತೋರಿಸುತ್ತದೆ. ಸುದ್ದಿಯಲ್ಲಿ ಹುಳುಕು ಹುಡುಕುವುದು ಸಂಬಂಧವನ್ನು ಸಡಿಲ ಮಾಡುತ್ತದೆ, 'ಹೂಂ, ಚಲೋ ಆತು' ಎಂಬ ಒಣ ಮಾತೂ ಮಾಡುತ್ತದೆ. 82 ಬಂದಿದೆ ಎಂದು ಅವಳು ಹೇಳಿದಾಗ ನೀವು ಉಳಿದ 18 ಕೇಳಿದಿರಿ. ಒಳಗೆ ಹೆಮ್ಮೆ ಉಕ್ಕಿತ್ತು, ಅದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ಅವಳಿಗೆ ಕೇಳಿಸಿದ್ದು 18 ಮಾತ್ರ. ಆ ವಿಷಯವನ್ನೇ ಮತ್ತೆ ತೆಗೆಯಿರಿ. "ಅವ್ವಾ, ಆವತ್ತ ನೀ 82 ಅಂದಾಗ ನನಗ ಭಾಳ ಖುಷಿ ಆಗಿತ್ತು, ಹೇಳಾಕ ಬರಲಿಲ್ಲ. ಯಾವ ಪೇಪರ್ ಕಠಿಣ ಇತ್ತು?" ಎಂದು ಕೇಳಿ. ಪ್ರಶ್ನೆ ಕೇಳುವುದು ಮುಖ್ಯ, ಅದರಿಂದ ಅವಳು ಆ ಸಂತೋಷವನ್ನು ಇನ್ನೊಮ್ಮೆ ಬಿಡಿಸಿ ಹೇಳುತ್ತಾಳೆ. ರೊಕ್ಕ ಬೇಕೇನು, ಓದಾಕತ್ತೀಯಿಲ್ಲ ಎಂಬೆರಡು ಪ್ರಶ್ನೆಗಳನ್ನು ಕೆಲವು ದಿನ ಪಕ್ಕಕ್ಕಿಡಿ. ಬದಲಿಗೆ ಹೊಲದ ಫೋಟೋ ಕಳಿಸಿ, ಎಮ್ಮೆ ಈದರೆ ಕರುವಿನ ಫೋಟೋ ಕಳಿಸಿ. ಅವಳು ಮೊದಲ ಕೆಲವು ಸಲ "ಅವ್ವಗ ಕೊಡು" ಎಂದೇ ಅನ್ನಬಹುದು. ಕೊಡಿ, ಆದರೆ ಕೊಡುವ ಮುಂಚೆ ಒಂದು ಮಾತಾಡಿ.

ತಂದೆಯವರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಪ್ರಶ್ನೆ ಕೇಳಿಲ್ಲ. ಆದರೂ ಹೇಳುತ್ತೇನೆ. 78ರ ಅವರಿಂದ ಈಗ ನಿಮಗೆ ಬೇಕಾದ ಮಾತು ಬರಲಿ ಎಂದು ಕಾಯುವುದು ಬೇಡ. ನೀವೇ ಅವರ ಬಳಿ ಹೋಗಿ. ಆ ತಲೆಮಾರಿನ ಗಂಡಸರು ಭಾವನೆ ಹೇಳು ಎಂದರೆ ಹೇಳುವುದಿಲ್ಲ, ಸಂಗತಿ ಕೇಳಿದರೆ ಹೇಳುತ್ತಾರೆ. 1972ರ ಬರದಲ್ಲಿ ಅವರಿಗೆ ಇಪ್ಪತ್ತೈದರ ಆಜುಬಾಜು ವಯಸ್ಸು. ಆ ವರ್ಷ ಮನೆ ಹೇಗೆ ನಡೆಯಿತು, ದನಗಳನ್ನು ಏನು ಮಾಡಿದಿರಿ, ಜೋಳ ಎಲ್ಲಿಂದ ತಂದಿರಿ ಎಂದು ಪಡಸಾಲೆಯಲ್ಲಿ ಪಕ್ಕಕ್ಕೆ ಕುಳಿತು ಕೇಳಿ. ಕೇಳುತ್ತ ಅವರ ಕಾಲಿನ ಉಗುರು ತೆಗೆದುಕೊಡಿ. ಆ ವಯಸ್ಸಿಗೆ ಬಗ್ಗಿ ತೆಗೆದುಕೊಳ್ಳುವುದು ಕಷ್ಟ, ಕೇಳಲು ಸಂಕೋಚ. ಮಗ ಮುಟ್ಟಿ ಎಷ್ಟು ವರ್ಷವಾಗಿರುತ್ತದೋ.

ಕಡೆಯದಾಗಿ ಬರೆಯುತ್ತಿರುವುದನ್ನು ಎಲ್ಲಕ್ಕಿಂತ ಮೊದಲು ಮಾಡಿ. 'ನಾ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ' ಎಂಬುದು ಬರೀ ಮುನಿಸಿನ ಮಾತಿರಬಹುದು, ಖಿನ್ನತೆಯ ಮಾತೂ ಇರಬಹುದು. ಆಪರೇಷನ್‌ನಲ್ಲಿ ಗರ್ಭಕೋಶದ ಜತೆ ಅಂಡಾಶಯಗಳನ್ನೂ ತೆಗೆದಿದ್ದಾರೆಯೇ ಎಂದು ವೈದ್ಯರನ್ನು ಕೇಳಿ. ತೆಗೆದಿದ್ದರೆ, ಮುಟ್ಟು ನಿಲ್ಲುವ ಕಾಲದ ಬದಲಾವಣೆಗಳೆಲ್ಲ ಒಮ್ಮೆಲೇ ಬರುತ್ತವೆ: ಮೈ ಬಿಸಿಯೇರಿ ಬೆವರುವುದು, ನಿದ್ದೆ ಬಾರದಿರುವುದು, ಸಣ್ಣದಕ್ಕೂ ಅಳು, ಸಿಟ್ಟು. ಇದಕ್ಕೆ ಚಿಕಿತ್ಸೆ ಇದೆ, ಮಾತಿನಿಂದಷ್ಟೇ ಹೋಗುವುದಿಲ್ಲ. ಎರಡು ವಾರಕ್ಕೂ ಮೀರಿ ಅವರಿಗೆ ಊಟ ನಿದ್ದೆ ಸರಿಹೋಗದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಅವರನ್ನು ನೇರವಾಗಿ ಕೇಳಿ, "ಜೀವ ಕಳಕೊಳ್ಳೂ ವಿಚಾರ ಏನರ ಬರತೈತೇನು?" ಎಂದು. ಕೇಳಿದರೆ ಆ ವಿಚಾರ ಹೊಸದಾಗಿ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಹೊಲದ ಔಷಧಿ ಡಬ್ಬಿಗಳನ್ನು ಮನೆಯಿಂದ ದೂರವಿಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹೆಂಡತಿ ಮಾತಾಡಲು ಒಪ್ಪದಿದ್ದರೆ ನೀವೇ ಕರೆ ಮಾಡಿ ಕೇಳಬಹುದು.